ಮತ್ತೆ ಮತ್ತೆ ಕಪ್ಪಾಗುವ ಪರದೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರದಿಂದ ೧೯೦೨ರಲ್ಲಿ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿತು. ಇಷ್ಟು ನೀಳವಾದ ತಂತಿಮಾರ್ಗದ ತುದಿಯಲ್ಲಿ ದೀಪವೊಂದು ಆರಿದರೆ, ದೀಪವೇ ಕೆಟ್ಟಿತೆಂದು ಕೂಡಲೆ ನಿರ್ಧರಿಸಲಾಗದು. ಹಾದಿಯನ್ನು ಭಾಗಗಳಾಗಿ ವಿಂಗಡಿಸಿ, ಎಲ್ಲಿಯವರೆಗೆ ಎಲ್ಲವೂ ಸರಿಯಾಗಿದೆಯೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಮೇಜಿನ ಮೇಲಿನ ಮಾನಿಟರು ಆಗಾಗ ಕಪ್ಪಾಗುತ್ತಿದ್ದರೆ ಅದಕ್ಕೂ ಇದೇ ವಿಧಾನ ಸಲ್ಲುತ್ತದೆ.

ಹಳ್ಳಿಯ ಶಾಲೆಯೊಂದರ ನಾಲ್ಕಾರು ಮಾನಿಟರುಗಳಲ್ಲಿ ಒಂದು ಮೂಲೆ ಸೇರಿದರೆ ಅದರ ಮುಂದೆ ಕುಳಿತು ಕಲಿಯುವವರ ಅಭ್ಯಾಸವೂ ನಿಲ್ಲುತ್ತದೆ. ಗುಜರಿಗೆ ಹೋದ ಮಾನಿಟರಿನ ದೋಷ ಒಂದು ಸಡಿಲವಾದ ಕೇಬಲ್ಲಿನಲ್ಲಿಯೇ ಇದ್ದಿರಬಹುದು. ಆದುದರಿಂದ ಪರೀಕ್ಷೆಯ ಕ್ರಮವನ್ನು ವಿದ್ಯಾರ್ಥಿಗಳು ಅರಿತಿರುವುದು ಮೇಲು.

ಪರದೆಯ ಮೇಲೆ ಚಿತ್ರ ಮೂಡಲು ಮೂರು ಸಂಗತಿಗಳು ಕೂಡಿಬರಬೇಕು: ವಿದ್ಯುಚ್ಛಕ್ತಿ, ಕಂಪ್ಯೂಟರಿನಿಂದ ಬರುವ ಚಿತ್ರಸಂಕೇತ, ಪರದೆಯ ಹಿಂದಿನ ಬೆಳಕು. ಮೂರನೆಯದು ಏಕೆ ಬೇಕೆಂಬುದನ್ನು ತಿಳಿಯಲು ದ್ರವಸ್ಫಟಿಕದ ಸ್ವಭಾವವನ್ನು ನೋಡೋಣ. ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳ ಓರಣವನ್ನುಳ್ಳ ಈ ವಸ್ತುವನ್ನು ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಜರ್ ೧೮೮೮ರಲ್ಲಿ ಗಮನಿಸಿದನು. ಇದರ ಅಧ್ಯಯನಕ್ಕೆ ನಮ್ಮ ನಾಡಿನ ಕಾಣಿಕೆಯೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಹೋದ್ಯೋಗಿಗಳೊಡನೆ ದುಡಿದು, ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಉಂಟಾಗುವುದೆಂದು ೧೯೭೭ರಲ್ಲಿ ತೋರಿಸಿದರು. ಮಾನಿಟರಿನಲ್ಲಿರುವುದು ಕಡ್ಡಿಯಾಕಾರದ ಅಣುಗಳ ದ್ರವಸ್ಫಟಿಕ. ಅದನ್ನು ಎರಡು ಧ್ರುವೀಕಾರಕ ಹಾಳೆಗಳ ನಡುವೆ ಇರಿಸಿರುತ್ತಾರೆ. ವಿದ್ಯುತ್ ಕ್ಷೇತ್ರವನ್ನು ಬದಲಿಸಿದಾಗ ಅಣುಗಳು ಹೊರಳಿ, ಹಾದುಹೋಗುವ ಬೆಳಕು ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ. ದ್ರವಸ್ಫಟಿಕವು ಬೆಳಕಿಗೆ ಬಾಗಿಲೇ ಹೊರತು ದೀಪವಲ್ಲ. ದೀಪ ಅದರ ಹಿಂದಿದೆ.

ಈಗ ಪರೀಕ್ಷೆಗೆ ತೊಡಗೋಣ. ಪರದೆ ಕಪ್ಪಾದ ಕ್ಷಣದಲ್ಲಿ ಮಾನಿಟರಿನ ಅಂಚಿನ ಸಣ್ಣ ಸೂಚಕ ದೀಪವನ್ನು ನೋಡಬೇಕು. ಅದೂ ಆರಿದ್ದರೆ ದೋಷ ಬಹುಮಟ್ಟಿಗೆ ವಿದ್ಯುತ್ತಿನ ಹಾದಿಯಲ್ಲಿದೆ. ಪ್ಲಗ್ಗು, ಸಾಕೆಟ್ಟು, ತಂತಿಗಳನ್ನು ಪರೀಕ್ಷಿಸಿ, ಬೇರೊಂದು ಸಾಕೆಟ್ಟಿಗೆ ಜೋಡಿಸಿ ನೋಡಬೇಕು.

ಸೂಚಕ ದೀಪದ ಬಣ್ಣ ಬದಲಾಗಿದ್ದರೆ, ಅದು ಮಿಣುಕುತ್ತಿದ್ದರೆ, ಅಥವಾ ಸಂಕೇತವಿಲ್ಲವೆಂಬ ಒಕ್ಕಣೆ ಪರದೆಯ ಮೇಲೆ ಕಂಡರೆ, ಚಿತ್ರಸಂಕೇತದ ಹಾದಿಯನ್ನು ನೋಡಬೇಕು. ಮೌಸನ್ನು ಅಲುಗಿಸಿದೊಡನೆ ಚಿತ್ರ ಮರಳಿದರೆ, ಕಂಪ್ಯೂಟರೇ ವಿದ್ಯುತ್ತನ್ನುಳಿಸಲು ಪರದೆಯನ್ನು ಆರಿಸುತ್ತಿದೆ. ಅದರ ವ್ಯವಸ್ಥೆಯಲ್ಲಿ ಅವಧಿಯನ್ನು ಹೆಚ್ಚಿಸಿದರೆ ಸಾಕು. ಇಲ್ಲವಾದರೆ ಕೇಬಲ್ಲಿನ ಎರಡು ತುದಿಗಳನ್ನೂ ಬಿಗಿಗೊಳಿಸಿ, ಬಳಿಕ ಬೇರೆ ಕೇಬಲ್ಲನ್ನು, ಅನಂತರ ಬೇರೆ ಕಂಪ್ಯೂಟರನ್ನು ಜೋಡಿಸಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಚಿತ್ರ ಬಂದರೆ ಯಾವುದರಿಂದ ಬಂದಿತೆಂದು ಹೇಳಲಾಗದು.

ಸೂಚಕ ದೀಪ ಎಂದಿನಂತೆ ಉರಿಯುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಕೋಣೆಯನ್ನು ಕತ್ತಲು ಮಾಡಿ ಟಾರ್ಚಿನ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಡಬೇಕು. ಚಿತ್ರ ಮಸುಕಾಗಿ ಕಂಡರೆ ಬಾಗಿಲು ಕೆಲಸ ಮಾಡುತ್ತಿದೆ, ದೀಪ ಆರಿದೆ ಎಂದು ತಿಳಿಯಬಹುದು. ಮಾನಿಟರನ್ನು ಚಾಲೂ ಮಾಡಿದಾಗ ಚಿತ್ರ ಒಂದೆರಡು ಸೆಕೆಂಡು ಬೆಳಗಿ ಮತ್ತೆ ಮಾಯವಾಗುವುದು ಈ ದೋಷದ ಮತ್ತೊಂದು ಲಕ್ಷಣ. ಹಿಂಬೆಳಕಿನ ಮಂಡಲದಲ್ಲಿ ಏರುಪೇರು ಕಂಡೊಡನೆ ರಕ್ಷಕ ವ್ಯವಸ್ಥೆ ಅದನ್ನು ನಿಲ್ಲಿಸುವುದೇ ಇದಕ್ಕೆ ಕಾರಣ. ವರ್ಷಗಟ್ಟಲೆ ಬಿಸಿಯಲ್ಲಿ ದುಡಿದ ಕೆಪಾಸಿಟರುಗಳು ಒಣಗಿ ಉಬ್ಬಿದಾಗಲೂ ಹೀಗಾಗುವುದುಂಟು. ಆದಕಾರಣ ಹಿಂಬದಿಯ ಗಾಳಿಕಂಡಿಗಳನ್ನು ಬಟ್ಟೆಯಿಂದ ಮುಚ್ಚಬಾರದು.

ಇಲ್ಲಿಂದ ಮುಂದಿನದು ಬಲ್ಲ ಕೆಲಸಗಾರನ ಪಾಲು. ಮನೆಯ ೨೩೦ ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಏಕಮುಖಗೊಳಿಸಿದಾಗ ಒಳಗಿನ ಕೆಪಾಸಿಟರು, ೨೩೦ನ್ನು ೨ರ ವರ್ಗಮೂಲದಿಂದ ಗುಣಿಸಿದಷ್ಟು, ಎಂದರೆ ಸುಮಾರು ೩೨೫ ವೋಲ್ಟಿನವರೆಗೆ ವಿದ್ಯುದಾವೇಶವನ್ನು ಪಡೆಯುತ್ತದೆ. ಪ್ಲಗ್ಗನ್ನು ತೆಗೆದ ಮೇಲೂ ಅದು ಕೆಲಹೊತ್ತು ಉಳಿದಿರಬಲ್ಲದು. ಮುಟ್ಟಿದವನ ಪ್ರಾಣಕ್ಕೆ ಅಪಾಯ. ವಿದ್ಯಾರ್ಥಿಗಳು ಮಾನಿಟರಿನ ಹೊದಿಕೆಯನ್ನು ಎಂದಿಗೂ ಬಿಚ್ಚಕೂಡದು.

ಪರದೆ ಕಪ್ಪಾದ ಹೊತ್ತು, ಸೂಚಕ ದೀಪದ ಸ್ಥಿತಿ, ಬದಲಿಸಿದ ವಸ್ತು, ಕಂಡ ಫಲ ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕು. ದುರಸ್ತಿಗೆ ಕೊಡುವಾಗ ಆ ಹಾಳೆಯನ್ನೂ ಜತೆಗೆ ಕೊಟ್ಟರೆ ಕೆಲಸಗಾರನ ಸಮಯವೂ ಶಾಲೆಯ ಹಣವೂ ಉಳಿಯುತ್ತವೆ.