ಮನೆಗೆ ಬಂದ ಶೇಂಗಾ

ಅಂದು ಆಷಾಢ ಏಕಾದಶಿ. ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಎಲ್ಲರಿಗೂ ಉಪವಾಸ. ಸೋಲಾಪುರದಲ್ಲಿ ಕಾಲೇಜು ಓದುವ ಅಕ್ಕನೂ ಊರಿಗೆ ಬಂದಿದ್ದಳು. ಅಜ್ಜಿ ಶೇಂಗಾ ಆಮಟಿ ಮಾಡಲು ಸಿದ್ಧರಾದರು.

"ತಮ್ಮಾ, ಶೇಂಗಾಬೀಜ ತಾ. ನೋಡಿ ಆರಿಸು" ಎಂದರು.

ಎರಡು ಡಬ್ಬಿಗಳಿದ್ದವು. ದೊಡ್ಡ ಡಬ್ಬಿಗೆ ಮಳೆಯ ನೀರು ತಾಗಿ ಬೀಜಗಳಿಗೆ ಬೂಷ್ಟು ಹಿಡಿದಿತ್ತು. ಚಿಕ್ಕ ಡಬ್ಬಿಯಲ್ಲಿ ಒಂದೇ ಬಟ್ಟಲು ಒಳ್ಳೆಯ ಬೀಜ. ಉಣ್ಣುವವರು ಆರು ಜನ!

"ಅಜ್ಜೀ, ಇವನ್ನು ತೊಳೆದು ಹುರಿದರೆ ಆಗದೇ?" ಎಂದು ಕೇಳಿದೆ.

"ಬೇಡ" ಎಂದಳು ಅಕ್ಕ. "ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ತೊಳೆದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಯಕೃತ್ತನ್ನು ಕೆಡಿಸುತ್ತದೆ. ದನಗಳಿಗೂ ಹಾಕಬಾರದು. ಹಾಲಿನಲ್ಲಿಯೂ ವಿಷ ಇಳಿಯುತ್ತದೆ."

ಅಜ್ಜಿ ದೊಡ್ಡ ಡಬ್ಬಿಯನ್ನು ಕಸಕ್ಕೆ ಸುರಿಸಿದರು. "ಆಮಟಿಗೆ ಒಂದು ತಂಬಿಗೆ ನೀರು ಹೆಚ್ಚು ಹಾಕಬಹುದು. ಕೆಟ್ಟ ಕಾಳು ಹಾಕಬಾರದು" ಎಂದರು.

ಒಳ್ಳೆಯ ಬೀಜಗಳನ್ನು ಹುರಿದು, ಉಜ್ಜಿ ಸಿಪ್ಪೆ ತೆಗೆದರು. ಹಸಿಮೆಣಸಿನಕಾಯಿ, ಜೀರಿಗೆಯೊಡನೆ ನುಣ್ಣಗೆ ಅರೆದರು. ತುಪ್ಪದ ಒಗ್ಗರಣೆಗೆ ಅದನ್ನು ಹಾಕಿ, ನೀರು, ಉಪ್ಪು, ಅಮಸೂಲ, ಚೂರು ಬೆಲ್ಲ ಕೂಡಿಸಿ ಕುದಿಸಿದರು. ಸಾಬೂದಾಣಿ ಖಿಚಡಿ, ಭಗರಿನ ಅನ್ನ, ಬಿಸಿ ಆಮಟಿ! ಆಮಟಿ ತೆಳ್ಳಗಿತ್ತು. ಆದರೆ ಆರು ಜನರಿಗೂ ಸಾಕಾಯಿತು.

ಉಣ್ಣುವಾಗ ಅಕ್ಕ ಹೇಳಿದಳು: "ಶೇಂಗಾ ಮೊದಲು ನಮ್ಮ ದೇಶದ ಬೆಳೆಯಲ್ಲ. ಅದರ ತವರು ದಕ್ಷಿಣ ಅಮೆರಿಕ. ಸಾಬೂದಾಣಿ ಮಾಡುವ ಮರಗೆಣಸಿನ ತವರೂ ಅದೇ. 1500ರ ನಂತರ ಪೋರ್ಚುಗೀಜರ ಹಡಗುಗಳು ಇಂಥ ಬೆಳೆಗಳನ್ನು ಆಫ್ರಿಕಕ್ಕೆ ಒಯ್ದವು. ಮುಂದೆ ಅವು ನಮ್ಮ ದೇಶಕ್ಕೂ ಬಂದವು. ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿಯೂ ಮನೆಮನೆಯಲ್ಲಿ ಶೇಂಗಾ ಸಾರು ಮಾಡುತ್ತಾರೆ. ಅಲ್ಲಿಯ ಅಕಾನ್ ಜನರ ಮಾತಿನಲ್ಲಿ 'ಎನ್‌ಕಾಟೆ' ಎಂದರೆ ಶೇಂಗಾ, 'ಎನ್‌ಕ್ವಾನ್' ಎಂದರೆ ಸಾರು. ಎರಡೂ ಕೂಡಿ 'ಎನ್‌ಕಾಟೆನ್‌ಕ್ವಾನ್'!"

"ನಾಳೆ ಅದನ್ನೇ ಮಾಡೋಣ!" ಎಂದೆ.

ಮರುದಿನ ಪೇಟೆಯಿಂದ ಹೊಸ ಬೀಜ ತಂದೆವು. ಆರಿಸುವ, ಸಿಪ್ಪೆ ತೆಗೆಯುವ ಕೆಲಸ ನನ್ನದು. ಒಲೆಯ ಕೆಲಸ ದೊಡ್ಡವರದು. ಅಕ್ಕ ಹುರಿದ ಬೀಜಗಳನ್ನು ಎಣ್ಣೆ ಬಿಡುವವರೆಗೆ ಅರೆದಳು. ಉಳ್ಳಾಗಡ್ಡಿ, ಟೊಮೆಟೊ, ಹಸಿಶುಂಠಿ, ಕೆಂಪುಮೆಣಸಿನಕಾಯಿಗಳನ್ನು ಬೇಯಿಸಿ ರುಬ್ಬಿದಳು. ಶೇಂಗಾ ಹಿಟ್ಟಿಗೆ ಸ್ವಲ್ಪ ಸ್ವಲ್ಪವೇ ಬಿಸಿನೀರು ಬೆರೆಸಿದಳು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಎಲ್ಲವನ್ನೂ ಕೂಡಿಸಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಕುದಿಸಿದಳು. ಘಾನಾದಲ್ಲಿ ಹೆಚ್ಚಾಗಿ ಕೋಳಿ ಮಾಂಸ ಹಾಕುತ್ತಾರೆ. ನಾವು ಬದನೆಕಾಯಿ ಹಾಕಿದೆವು. ಮೇಲೆ ಕೆಂಪು ಎಣ್ಣೆ ತೇಲಿತು. ಸಾರು ಸಿದ್ಧವಾಯಿತು!

ಅಲ್ಲಿ ಬೇಯಿಸಿದ ಮರಗೆಣಸು ಮತ್ತು ಬಾಳೆಕಾಯಿಯನ್ನು ಒರಳಲ್ಲಿ ಕುಟ್ಟಿ 'ಫುಫು' ಎಂಬ ಮುದ್ದೆ ಮಾಡುತ್ತಾರೆ. ಮೆತ್ತನೆಯ ಅನ್ನದ ಉಂಡೆಯನ್ನೂ ಈ ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ನಾವು ಅನ್ನದ ಉಂಡೆ ಕಟ್ಟಿದೆವು.

ಅಜ್ಜಿ ರುಚಿ ನೋಡಿದರು. "ಹಾಗಾದರೆ ಶೇಂಗಾ ನಮ್ಮ ಮನೆಗೆ ಬಂದ ಬೀಗನೇ?" ಎಂದು ಕೇಳಿದರು.

"ಹೌದು ಅಜ್ಜೀ. ಘಾನಾಕ್ಕೂ ಬೀಗನೇ."

ಅಜ್ಜಿ ನಕ್ಕರು. "ಇಷ್ಟು ವರ್ಷ ಕೂಡಿ ಉಂಡವನು ಬೀಗನಲ್ಲ, ಮನೆಯವನೇ" ಎಂದು ಇನ್ನೊಂದು ಸೌಟು ಬಡಿಸಿಕೊಂಡರು.

ಶಬ್ದಾರ್ಥ
ಬೂಷ್ಟು – ತೇವದಿಂದ ಬೆಳೆಯುವ ಶಿಲೀಂಧ್ರ
ಯಕೃತ್ತು – ಪಿತ್ತಜನಕಾಂಗ
ಬೀಗ – ನೆಂಟ

ಅಭ್ಯಾಸ
1. ಅಜ್ಜಿ ದೊಡ್ಡ ಡಬ್ಬಿಯ ಬೀಜಗಳನ್ನು ಏಕೆ ಕಸಕ್ಕೆ ಸುರಿಸಿದರು?
2. ಆಮಟಿಗೂ ಘಾನಾದ ಸಾರಿಗೂ ಇರುವ ಎರಡು ಹೋಲಿಕೆ, ಎರಡು ಭೇದ ಬರೆಯಿರಿ.
3. ನಿಮ್ಮ ಮನೆಯಲ್ಲಿ ಶೇಂಗಾದಿಂದ ಏನೇನು ಮಾಡುತ್ತಾರೆ? ಕೇಳಿ ಪಟ್ಟಿ ಮಾಡಿರಿ.