ಹಳೇ ಪತ್ರ ನಿಜವೋ, ಖೋಟಾವೋ?

ಸಹೋದರಿಯರೇ, ನಡಾವಳಿ ಪುಸ್ತಕಕ್ಕೆ ತಾರೀಕು, ಸಹಿ ಎಲ್ಲಾ ಬೇಕಾ ಎಂಬ ಪ್ರಶ್ನೆ ಸಂಘದ ಸಭೆಗಳಲ್ಲಿ ಬರುತ್ತಲೇ ಇರುತ್ತದೆ. ಬರೆದಿಟ್ಟದ್ದು ನಿಜವೇ ಎಂದು ಪತ್ತೆ ಹಚ್ಚುವ ದಾರಿ ತೋರಿಸಿದ ಒಬ್ಬ ಗುರುಗಳ ಬಗ್ಗೆ ಈ ಸಲ ಓದೋಣ.

ಜಾನ್ ಮಾಬಿಯೋನ್ 1632ರಲ್ಲಿ ಫ್ರಾನ್ಸ್ ದೇಶದ ಹಳ್ಳಿಯೊಂದರಲ್ಲಿ, ರೈತರ ಮನೆಯಲ್ಲಿ ಹುಟ್ಟಿದರು. ಸಂತ ಬೆನೆಡಿಕ್ಟರ ಸಭೆ ಸೇರಿ, 1664ರಿಂದ ಪ್ಯಾರಿಸ್ಸಿನ ಮಠದಲ್ಲಿದ್ದು ಇತಿಹಾಸ ಬರೆದರು. ಆಗ ಮಠಗಳ ಜಮೀನು, ಹಕ್ಕು ನಿಂತಿದ್ದು ರಾಜರು ಕೊಟ್ಟ ಹಳೇ ಪತ್ರಗಳ ಮೇಲೆ. 1675ರಲ್ಲಿ ಯೇಸುಸಭೆಯ ಫಾದರ್ ಪಾಪೆಬ್ರೋಕ್, ಇಂಥವುಗಳಲ್ಲಿ ಬಹಳಷ್ಟು ಖೋಟಾ ಎಂದು ಬರೆದುಬಿಟ್ಟರು. ಮಠದವರಿಗೆ ಸಿಟ್ಟು ಬರೋದು ಸಹಜವೇ!

ಮಾಬಿಯೋನ್ ಜಗಳಕ್ಕೆ ಹೋಗಲಿಲ್ಲ. ಹಲವು ಮಠಗಳ ಪತ್ರಗಳನ್ನು ಹೋಲಿಸಿ ನೋಡಿ, 1681ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ದೊಡ್ಡ ಪುಸ್ತಕವನ್ನೇ ಹೊರತಂದರು. ಒಂದೇ ಗುರುತು ನೋಡಿ ತೀರ್ಮಾನಿಸಬಾರದು. ಹಾಳೆ, ಶಾಯಿ, ಅಕ್ಷರ, ಭಾಷೆ, ತಾರೀಕು, ಮೊಹರು, ಸಾಕ್ಷಿ ಎಲ್ಲವೂ ಒಂದಕ್ಕೊಂದು ಹೊಂದಬೇಕು ಅಂದರು. ರಾಜ ಸತ್ತ ಮೇಲಿನ ತಾರೀಕಿಗೆ ಅವನದೇ ಸಹಿ ಇದ್ದರೆ ನಂಬೋದು ಹೇಗೆ? ನಮ್ಮಲ್ಲೂ ಸಾಲ ಕೊಟ್ಟ ತಾರೀಕು, ಆ ದಿನದ ಹಾಜರಿ, ಪಾಸ್‌ಬುಕ್ ಮೂರನ್ನೂ ಜೊತೆಗಿಟ್ಟು ನೋಡಿ.

ಮಂತ್ರಿ ಕೋಲ್ಬೇರ್ ಪಿಂಚಣಿ ಕೊಡಲು ಬಂದರೆ ಮಾಬಿಯೋನ್ ಬೇಡ ಅಂದರು. ಪಾಪೆಬ್ರೋಕ್ ಪುಸ್ತಕ ಓದಿ, ನೀವು ಹೇಳಿದ್ದೇ ಸರಿ ಎಂದು ಒಪ್ಪಿ ಅವರಿಗೆ ಕಾಗದ ಬರೆದರು. ನಮಗೆ ತುಂಬಾ ಹಿಡಿಸಿದ್ದು ಈ ಕಾಗದವೇ.