ಭಯೋತ್ಪಾದನೆಯ ಅಪಾಯ ಮತ್ತು ಅಂಕಿಅಂಶಗಳು: ಚೆನ್ನೈ ನಗರದ ಅನುಭವದಿಂದ ಒಂದು ಪಾಠ

ಪೀಠಿಕೆ

ಮಳೆ, ಬೆಳೆ, ಜನನ, ಮರಣ, ಸಾಕ್ಷರತೆ ಮುಂತಾದ ವಿಷಯಗಳನ್ನು ಅಂಕಿಅಂಶಗಳ ನೆರವಿಲ್ಲದೆ ಅರಿಯುವುದು ಇಂದು ಅಸಾಧ್ಯ. ಭಯೋತ್ಪಾದನೆಯ ವಿಷಯವೂ ಇದಕ್ಕೆ ಹೊರತಲ್ಲ. ಯಾವ ವರ್ಷ ಎಷ್ಟು ದಾಳಿಗಳು ನಡೆದವು, ಎಷ್ಟು ಮಂದಿ ಹತರಾದರು ಎಂಬ ಸಂಖ್ಯೆಗಳು ವೃತ್ತಪತ್ರಿಕೆಗಳಲ್ಲಿಯೂ ಸುದ್ದಿವಾಹಿನಿಗಳಲ್ಲಿಯೂ ಪದೇ ಪದೇ ಕಾಣಿಸಿಕೊಳ್ಳುತ್ತವೆ. ಆದರೆ ಬೆಳೆಯ ಅಂಕಿಗೂ ಭಯೋತ್ಪಾದನೆಯ ಅಂಕಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಜನರು ಹೆದರಿದ ಮಾತ್ರಕ್ಕೆ ಮಳೆ ಕಡಿಮೆಯಾಗುವುದಿಲ್ಲ, ಬೆಳೆ ಒಣಗುವುದಿಲ್ಲ. ಭಯೋತ್ಪಾದಕನಾದರೋ ಜನರ ಭಯವನ್ನೇ ತನ್ನ ಫಸಲೆಂದು ಎಣಿಸುತ್ತಾನೆ. ಆದುದರಿಂದ ಈ ಸಂಖ್ಯೆಗಳನ್ನು ಸರಿಯಾಗಿ ಓದಲು ಕಲಿಯುವುದು ನಾಗರಿಕರ ಆತ್ಮರಕ್ಷಣೆಯ ಒಂದು ಭಾಗವೇ ಆಗಿದೆ.

ಒಂದು ದಿನದ ಎರಡು ಲೆಕ್ಕಗಳು

2014ರ ಮೇ 1ರಂದು ಬೆಳಿಗ್ಗೆ 7 ಗಂಟೆ ದಾಟಿದ ಸ್ವಲ್ಪ ಹೊತ್ತಿನಲ್ಲಿ, ಬೆಂಗಳೂರಿನಿಂದ ಗುವಾಹಟಿಗೆ ಹೊರಟಿದ್ದ ಎಕ್ಸ್‌ಪ್ರೆಸ್ ರೈಲು ಚೆನ್ನೈ ಸೆಂಟ್ರಲ್ ನಿಲ್ದಾಣದಲ್ಲಿ ನಿಂತಿದ್ದಾಗ, ಅದರ ಎರಡು ಬೋಗಿಗಳಲ್ಲಿ ಕಡಿಮೆ ಶಕ್ತಿಯ ಬಾಂಬುಗಳು ಸ್ಫೋಟಿಸಿದವು. ತರುಣಿಯೊಬ್ಬಳು ಮೃತಪಟ್ಟಳು, ಹತ್ತಕ್ಕೂ ಹೆಚ್ಚು ಪ್ರಯಾಣಿಕರು ಗಾಯಗೊಂಡರು. ದೇಶದ ಎಲ್ಲ ಪ್ರಮುಖ ಪತ್ರಿಕೆಗಳಲ್ಲಿಯೂ ಈ ಸುದ್ದಿ ಮುಖಪುಟದಲ್ಲಿ ಪ್ರಕಟವಾಯಿತು. ಅನೇಕ ನಿಲ್ದಾಣಗಳಲ್ಲಿ ತಪಾಸಣೆ ಬಿಗಿಯಾಯಿತು.

ಅದೇ 2014ರಲ್ಲಿ ತಮಿಳುನಾಡಿನ ರಸ್ತೆ ಅಪಘಾತಗಳಲ್ಲಿ ಮೃತಪಟ್ಟವರ ಸಂಖ್ಯೆ 15,190. ಇದನ್ನು 365 ದಿನಗಳಿಗೆ ಹಂಚಿದರೆ ದಿನವೊಂದಕ್ಕೆ ಸರಾಸರಿ 41ಕ್ಕಿಂತ ಹೆಚ್ಚು ಸಾವುಗಳು. ಸೆಂಟ್ರಲ್ ನಿಲ್ದಾಣದಲ್ಲಿ ಒಂದು ಜೀವ ಹೋದ ದಿನವೂ ಆ ರಾಜ್ಯದ ರಸ್ತೆಗಳಲ್ಲಿ ಹತ್ತಾರು ಮನೆಗಳ ದೀಪಗಳು ಆರಿರಬೇಕೆಂದು ಈ ಸರಾಸರಿಯಿಂದ ಊಹಿಸಬಹುದು. ಆ ಸಾವುಗಳಲ್ಲಿ ಬಹುಪಾಲು ಒಳಪುಟದ ನಾಲ್ಕು ಸಾಲುಗಳಿಗಷ್ಟೇ ಸೀಮಿತವಾಗುತ್ತವೆ.

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿರಿಸುವುದರಿಂದ ಆ ತರುಣಿಯ ಸಾವು ಹಗುರವಾಗುವುದಿಲ್ಲ; ಆಕೆಯ ಮನೆಯವರ ಪಾಲಿಗೆ ಅದು ಎಲ್ಲ ಲೆಕ್ಕಗಳನ್ನೂ ಮೀರಿದ ನಷ್ಟ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಯಾವ ಅಪಾಯ ಎಷ್ಟು ದೊಡ್ಡದು ಎಂಬ ಜನಸಾಮಾನ್ಯರ ಅಂದಾಜು ಘಟನೆಗಳ ಸಂಖ್ಯೆಯನ್ನು ಅನುಸರಿಸುವುದಿಲ್ಲ. ಅವುಗಳನ್ನು ಕಂಡು ಕೇಳಿದ ಬಗೆಯನ್ನು ಅನುಸರಿಸುತ್ತದೆ.

ಮನಸ್ಸು ಅಳೆಯುವ ಬಗೆ

ಈ ವಿಷಯವನ್ನು ಮನೋವಿಜ್ಞಾನಿಗಳು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ವಿದ್ವಾಂಸರು 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಯಾವ ಘಟನೆಯ ಉದಾಹರಣೆಗಳು ನೆನಪಿಗೆ ಸುಲಭವಾಗಿ ಬರುತ್ತವೆಯೋ ಅಂತಹ ಘಟನೆಯೇ ಹೆಚ್ಚಾಗಿ ಸಂಭವಿಸುತ್ತದೆಯೆಂದು ಮನಸ್ಸು ಭಾವಿಸುತ್ತದೆ ಎಂಬುದನ್ನು ತೋರಿಸಿದರು. ಪಾಲ್ ಸ್ಲೊವಿಕ್ ಮತ್ತವರ ಸಹೋದ್ಯೋಗಿಗಳು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪಘಾತಗಳಿಂದಲೂ ರೋಗಗಳಿಂದಲೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಜನರು ಸಾಯುತ್ತಾರೆಂದು ಭಾಗವಹಿಸಿದವರು ಅಂದಾಜು ಮಾಡಿದ್ದರು. ವಾಸ್ತವದಲ್ಲಿ ಅಲ್ಲಿ ರೋಗಗಳಿಂದ ಸಾಯುವವರ ಸಂಖ್ಯೆ ಸುಮಾರು 15 ಪಟ್ಟು ಹೆಚ್ಚಾಗಿತ್ತು. ಪಾರ್ಶ್ವವಾಯು, ಮಧುಮೇಹಗಳಂತಹ ಸದ್ದಿಲ್ಲದ ಮೃತ್ಯುಗಳು ಜನರ ಅಂದಾಜಿನಲ್ಲಿ ಹಿಂದೆ ಸರಿದಿದ್ದವು.

ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಸ್ವಾರಸ್ಯಕರವಾಗಿದೆ. ವಿಮಾನ ಪ್ರಯಾಣಕ್ಕೆ ವಿಮೆ ಕೊಳ್ಳುವುದಾದರೆ ಎಷ್ಟು ಹಣ ಕೊಡುವಿರಿ ಎಂದು ಜನರನ್ನು ಕೇಳಲಾಯಿತು. ಯಾವುದೇ ಕಾರಣದಿಂದ ಸಾವು ಸಂಭವಿಸಿದರೂ ಪರಿಹಾರ ನೀಡುವ ವಿಮೆಗೆ ಅವರು ಸರಾಸರಿ ಸುಮಾರು 12 ಡಾಲರ್ ಕೊಡಲು ಸಿದ್ಧರಿದ್ದರು. ಭಯೋತ್ಪಾದಕ ಕೃತ್ಯದಿಂದ ಸಾವು ಸಂಭವಿಸಿದರೆ ಮಾತ್ರ ಪರಿಹಾರ ನೀಡುವ ವಿಮೆಗೆ ಸುಮಾರು 14 ಡಾಲರ್. ‘ಯಾವುದೇ ಕಾರಣ’ ಎಂಬುದರಲ್ಲಿ ಭಯೋತ್ಪಾದನೆಯೂ ಅಡಕವಾಗಿದೆ. ಆದರೂ ಒಂದು ಪದದ ಭೀಕರತೆಯಿಂದಾಗಿ ಭಾಗಕ್ಕೆ ಪೂರ್ಣಕ್ಕಿಂತ ಹೆಚ್ಚಿನ ಬೆಲೆ ಬಂದಿತು.

ಎಣಿಕೆಯ ಹಿಂದಿರುವ ಆಯ್ಕೆಗಳು

ಜನರ ಮನಸ್ಸು ತಪ್ಪುತ್ತದೆ, ಅಂಕಿಅಂಶಗಳು ತಪ್ಪುವುದಿಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ. ಪ್ರತಿಯೊಂದು ಸಂಖ್ಯೆಯ ಹಿಂದೆಯೂ ಮೂರು ಆಯ್ಕೆಗಳಿರುತ್ತವೆ: ಯಾವ ಕಾಲ, ಯಾವ ಸ್ಥಳ, ಯಾವ ವ್ಯಾಖ್ಯೆ. ಚೆನ್ನೈ ನಗರದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಕಾಲ. ನಗರವು ಇನ್ನೂ ಮದ್ರಾಸ್ ಎಂಬ ಹೆಸರಿನಲ್ಲಿದ್ದಾಗ, 1984ರ ಆಗಸ್ಟ್ 2ರಂದು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಬಾಂಬ್ ಸ್ಫೋಟಿಸಿ 33 ಮಂದಿ ಮೃತಪಟ್ಟರು. 1993ರ ಆಗಸ್ಟ್ 8ರಂದು ನಗರದ ರಾಷ್ಟ್ರೀಯ ಸ್ವಯಂಸೇವಕ ಸಂಘದ ಕಚೇರಿಯಲ್ಲಿ ನಡೆದ ಸ್ಫೋಟದಲ್ಲಿ 11 ಮಂದಿ ಮೃತಪಟ್ಟರು. 1984ರಿಂದ ಹತ್ತು ವರ್ಷಗಳನ್ನು ಎಣಿಸಿದರೆ ಈ ಎರಡು ಘಟನೆಗಳಿಂದಲೇ 44 ಸಾವುಗಳು. ಎಣಿಕೆಯನ್ನು ಕೇವಲ ಒಂದು ವರ್ಷ ಮುಂದೂಡಿ 1985ರಿಂದ ಆರಂಭಿಸಿದರೆ 33 ಸಾವುಗಳು ಪಟ್ಟಿಯಿಂದಲೇ ಮರೆಯಾಗಿ 11 ಉಳಿಯುತ್ತವೆ. ಎರಡು ಪಟ್ಟಿಗಳಲ್ಲಿಯೂ ಸುಳ್ಳಿಲ್ಲ. ಆದರೆ ಅವುಗಳನ್ನು ಓದಿದ ಇಬ್ಬರು ಒಂದೇ ನಗರದ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳನ್ನು ತಳೆಯುತ್ತಾರೆ.

ಎರಡನೆಯದು ಸ್ಥಳ. 1991ರ ಮೇ 21ರಂದು ಮಾಜಿ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರ ಹತ್ಯೆ ನಡೆದ ಶ್ರೀಪೆರುಂಬುದೂರು ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಆ ರಾತ್ರಿ ಅವರೊಂದಿಗೆ ಇನ್ನೂ ಅನೇಕರು ಪ್ರಾಣ ತೆತ್ತರು. ನಗರದ ಎಲ್ಲೆಯೊಳಗಿನ ಘಟನೆಗಳನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಈ ದುರಂತಕ್ಕೆ ಸ್ಥಾನವಿಲ್ಲ. ನಗರದ ಜನರ ನೆನಪಿನಲ್ಲಿಯಾದರೋ ಇದಕ್ಕೇ ಅಗ್ರಸ್ಥಾನ.

ಮೂರನೆಯದು ವ್ಯಾಖ್ಯೆ. 1967ರ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಅಧಿನಿಯಮದ 15ನೆಯ ಪ್ರಕರಣದ ಪ್ರಕಾರ, ದೇಶದ ಏಕತೆ, ಅಖಂಡತೆ, ಭದ್ರತೆಗಳಿಗೆ ಬೆದರಿಕೆಯೊಡ್ಡುವ ಅಥವಾ ಜನರಲ್ಲಿ ಭೀತಿಯನ್ನುಂಟುಮಾಡುವ ಉದ್ದೇಶವು ಭಯೋತ್ಪಾದಕ ಕೃತ್ಯದ ಮುಖ್ಯ ಲಕ್ಷಣಗಳಲ್ಲಿ ಒಂದು. ಉದ್ದೇಶವು ತನಿಖೆಯಿಂದ ತಿಳಿಯಬೇಕಾದುದು. ಸ್ಫೋಟದ ಮರುದಿನವೇ ಪ್ರಕಟವಾಗುವ ವರ್ಗೀಕರಣ ಮುಂದೆ ಬದಲಾಗಬಹುದು. 2008ರ ನವೆಂಬರ್ 26ರಂದು ಮುಂಬಯಿಯಲ್ಲಿ ಆರಂಭವಾದ ದಾಳಿಯಲ್ಲಿ ಮೃತಪಟ್ಟವರು 166 ಎಂದು ಕೆಲವೆಡೆಯೂ 175 ಎಂದು ಕೆಲವೆಡೆಯೂ ಓದಲು ಸಿಗುತ್ತದೆ. ಹತರಾದ 9 ದಾಳಿಕಾರರನ್ನು ಸೇರಿಸಲಾಗಿದೆಯೇ ಇಲ್ಲವೇ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ.

ಆಯ್ಕೆಯಷ್ಟೇ ಅಲ್ಲದೆ ಅಜಾಗರೂಕತೆಯೂ ಸಂಖ್ಯೆಯನ್ನು ಕೆಡಿಸಬಲ್ಲದು. ಅಮೆರಿಕದ ವಿದೇಶಾಂಗ ಇಲಾಖೆ 2004ರ ಏಪ್ರಿಲ್‌ನಲ್ಲಿ ಹೊರತಂದ ವರದಿಯಲ್ಲಿ, 2003ರಲ್ಲಿ ಅಂತರರಾಷ್ಟ್ರೀಯ ಭಯೋತ್ಪಾದನೆಗೆ 307 ಮಂದಿ ಬಲಿಯಾದರೆಂದು ಹೇಳಲಾಗಿತ್ತು. ಭಯೋತ್ಪಾದನೆ ಇಳಿಮುಖವಾಗಿದೆಯೆಂಬ ಸಮಾಧಾನ ವ್ಯಕ್ತವಾಯಿತು. ಆದರೆ ನವೆಂಬರ್ ತಿಂಗಳಿನಲ್ಲಿ ಇಸ್ತಾಂಬುಲ್ ನಗರದಲ್ಲಿ ನಡೆದ ಸ್ಫೋಟಗಳೂ ಸೇರಿದಂತೆ ವರ್ಷದ ಕೊನೆಯ ಘಟನೆಗಳು ಪಟ್ಟಿಯಲ್ಲಿ ಬಿಟ್ಟುಹೋಗಿದ್ದವು. ಇಬ್ಬರು ವಿದ್ವಾಂಸರು ಲೋಪಗಳನ್ನು ಎತ್ತಿ ತೋರಿಸಿದ ಬಳಿಕ ಜೂನ್ ತಿಂಗಳಿನಲ್ಲಿ ಪರಿಷ್ಕೃತ ಸಂಖ್ಯೆ ಪ್ರಕಟವಾಯಿತು: 625. ಪ್ರಕಟಿತ ದಾಖಲೆಯನ್ನು ಓದುಗರು ಪರಿಶೀಲಿಸುವುದರಿಂದ ಆಗುವ ಪ್ರಯೋಜನಕ್ಕೆ ಇದೊಂದು ನಿದರ್ಶನ.

ಶೇಕಡಾವಾರಿನ ಮೋಸ

ಸಣ್ಣ ಸಂಖ್ಯೆಗಳನ್ನು ಶೇಕಡಾವಾರಿನಲ್ಲಿ ಹೇಳುವಾಗ ವಿಶೇಷ ಎಚ್ಚರಿಕೆ ಅಗತ್ಯ. ಒಂದು ನಗರದಲ್ಲಿ ಕಳೆದ ವರ್ಷ ಒಂದು ಸ್ಫೋಟ, ಈ ವರ್ಷ ಎರಡು ಸ್ಫೋಟಗಳು ನಡೆದವೆಂದು ಭಾವಿಸೋಣ. ‘ಸ್ಫೋಟಗಳಲ್ಲಿ ಶೇಕಡಾ 100ರಷ್ಟು ಏರಿಕೆ’ ಎಂಬ ಶೀರ್ಷಿಕೆ ಗಣಿತದ ದೃಷ್ಟಿಯಿಂದ ಸರಿಯೇ. ಆದರೆ ಅದನ್ನು ಓದಿದವರ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಮರುವರ್ಷ ಮತ್ತೆ ಒಂದಕ್ಕಿಳಿದರೆ ‘ಶೇಕಡಾ 50ರಷ್ಟು ಇಳಿಕೆ’ ಎಂಬ ಹೇಳಿಕೆಯೂ ಹೊರಡಬಹುದು. ಏರಿಕೆಯಿಂದ ದಿಗಿಲುಗೊಳ್ಳುವುದೂ ಇಳಿಕೆಯಿಂದ ಮೈಮರೆಯುವುದೂ ಸಮಾನವಾಗಿ ಆಧಾರರಹಿತ.

ಸಂಖ್ಯೆಯನ್ನು ಜನಸಂಖ್ಯೆಯೊಂದಿಗೆ ಹೋಲಿಸುವುದು ಹೆಚ್ಚು ಯುಕ್ತವಾದ ವಿಧಾನ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನ ಜನಸಂಖ್ಯೆ ಸುಮಾರು 7 ಕೋಟಿ 21 ಲಕ್ಷ. ಇದರ ಆಧಾರದ ಮೇಲೆ ಲೆಕ್ಕ ಹಾಕಿದರೆ 2014ರ ರಸ್ತೆ ಸಾವುಗಳು ಪ್ರತಿ ಲಕ್ಷ ಜನರಿಗೆ ಸುಮಾರು 21. ಇಂತಹ ಪ್ರಮಾಣವನ್ನು ಊರಿನ, ಬಡಾವಣೆಯ ಗಾತ್ರಕ್ಕೆ ಅನ್ವಯಿಸಿ ಯಾರು ಬೇಕಾದರೂ ಗ್ರಹಿಸಬಹುದು.

ಭಯದ ಬೆಲೆ

ಅಪಾಯದ ತಪ್ಪು ಅಂದಾಜು ಕೇವಲ ಅಭಿಪ್ರಾಯದ ವಿಷಯವಲ್ಲ. ಅದಕ್ಕೆ ಪ್ರಾಣದ ಬೆಲೆಯೂ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಅನೇಕರು ವಿಮಾನ ಪ್ರಯಾಣವನ್ನು ತೊರೆದು ಕಾರುಗಳಲ್ಲಿ ದೂರದ ಊರುಗಳಿಗೆ ಹೋಗತೊಡಗಿದರು. ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಅವರ ಅಂದಾಜಿನ ಪ್ರಕಾರ, ಈ ಬದಲಾವಣೆಯಿಂದಾಗಿ ಮುಂದಿನ ಹನ್ನೆರಡು ತಿಂಗಳುಗಳಲ್ಲಿ ಸುಮಾರು 1,500 ಮಂದಿ ಹೆಚ್ಚುವರಿಯಾಗಿ ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು. ಒಂದು ಅಪಾಯಕ್ಕೆ ಹೆದರಿ ಓಡಿದವರು ಅದಕ್ಕಿಂತ ಹೆಚ್ಚಿನ ಅಪಾಯದ ಬಾಯಿಗೆ ಬಿದ್ದರು.

ಭಯ ಹರಡಲು ಸಂಖ್ಯೆಯೇ ಬೇಕೆಂದಿಲ್ಲ ಎಂಬುದನ್ನು ದಕ್ಷಿಣ ಭಾರತ ಸ್ವತಃ ಕಂಡಿದೆ. 2012ರ ಆಗಸ್ಟ್ ತಿಂಗಳಿನಲ್ಲಿ, ಅಸ್ಸಾಮಿನ ಹಿಂಸಾಚಾರದ ಬಳಿಕ, ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಗಳು ನಡೆಯಲಿವೆಯೆಂಬ ವದಂತಿಗಳು ಮೊಬೈಲ್ ಸಂದೇಶಗಳ ಮೂಲಕ ಹಬ್ಬಿದವು. ಬೆಂಗಳೂರಿನಿಂದ ಸಾವಿರಾರು ಮಂದಿ ಕೆಲಸ, ವಿದ್ಯಾಭ್ಯಾಸಗಳನ್ನು ಬಿಟ್ಟು ಗುವಾಹಟಿಯ ರೈಲುಗಳನ್ನು ಹತ್ತಿದರು. ಚೆನ್ನೈನಿಂದಲೂ ಅನೇಕರು ಹೊರಟರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರವು ಏಕಕಾಲಕ್ಕೆ ಹಲವರಿಗೆ ಸಂದೇಶ ಕಳುಹಿಸುವುದನ್ನು 15 ದಿನಗಳ ಕಾಲ ನಿರ್ಬಂಧಿಸಿತು. ಎಷ್ಟು ದಾಳಿಗಳು, ಎಲ್ಲಿ, ಯಾವಾಗ ಎಂಬ ಸರಳ ಪ್ರಶ್ನೆಗಳಿಗೆ ಆ ಸಂದೇಶಗಳಲ್ಲಿ ಉತ್ತರವಿರಲಿಲ್ಲ. ಉತ್ತರ ಕೇಳುವ ವ್ಯವಧಾನವೂ ಹೆದರಿದವರಿಗೆ ಇರಲಿಲ್ಲ. ಅವರನ್ನು ದೂಷಿಸುವಂತಿಲ್ಲ, ವಿಶ್ವಾಸಾರ್ಹವಾದ ಮಾಹಿತಿ ತಡವಾದ ಕಡೆ ವದಂತಿ ಬೇಗ ತಲುಪುತ್ತದೆ.

ಸರಾಸರಿಯ ಮಿತಿ

ಹಾಗಾದರೆ ರಸ್ತೆ ಅಪಘಾತಗಳಿಗಿಂತ ಭಯೋತ್ಪಾದನೆಯ ಸಾವುಗಳು ಕಡಿಮೆಯೆಂದು ತಪಾಸಣೆ, ಕಾವಲುಗಳನ್ನು ಸಡಿಲಿಸಬಹುದೇ? ಖಂಡಿತವಾಗಿಯೂ ಇಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದಾಗಿ, ರಸ್ತೆ ಸಾವುಗಳ ವಾರ್ಷಿಕ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ತಮಿಳುನಾಡಿನಲ್ಲಿ 2014ರಲ್ಲಿ 15,190 ಇದ್ದುದು 2022ರಲ್ಲಿ 17,884 ಆಗಿತ್ತು. ಭಯೋತ್ಪಾದನೆಯ ಸಾವುಗಳು ಈ ರೀತಿ ಸಮನಾಗಿ ಹಂಚಿಹೋಗುವುದಿಲ್ಲ. ಅನೇಕ ವರ್ಷಗಳ ಶಾಂತಿಯನ್ನು ಒಂದೇ ದಿನ ಕದಡಬಲ್ಲದು. 1998ರ ಫೆಬ್ರವರಿ 14ರಂದು ಕೊಯಮತ್ತೂರಿನ ಸರಣಿ ಸ್ಫೋಟಗಳಲ್ಲಿ 58 ಮಂದಿ ಮೃತಪಟ್ಟರು. ಅದರ ಹಿಂದಿನ ದಿನದವರೆಗಿನ ಸರಾಸರಿಯಲ್ಲಿ ಈ ಮುನ್ಸೂಚನೆ ಇರಲು ಸಾಧ್ಯವಿರಲಿಲ್ಲ.

ಎರಡನೆಯದಾಗಿ, ಸಂಖ್ಯೆ ಕಡಿಮೆಯಿರುವುದು ಕಾವಲಿನ ಫಲವೂ ಆಗಿರಬಹುದು. ತಡೆಹಿಡಿದ ದಾಳಿ ಸಾವಿನ ಪಟ್ಟಿಗೆ ಸೇರುವುದಿಲ್ಲ. ಏರಿ ಒಡೆದಿಲ್ಲವೆಂದು ಏರಿಯ ದುರಸ್ತಿಯನ್ನೇ ನಿಲ್ಲಿಸುವ ರೈತನಿಲ್ಲ.

ಮೂರನೆಯದಾಗಿ, ರಸ್ತೆಯ ಗುಂಡಿಗೆ ಉದ್ದೇಶವಿಲ್ಲ, ಭಯೋತ್ಪಾದಕನಿಗೆ ಇದೆ. ನೆರೆಹೊರೆಯವರ ನಡುವೆ ಸಂಶಯವನ್ನು ಬಿತ್ತುವುದು, ಕಾನೂನಿನ ಮೇಲಿನ ನಂಬಿಕೆಯನ್ನು ಕುಗ್ಗಿಸುವುದು ಅವನ ಗುರಿ. ಈ ಹಾನಿ ಮೃತರ ಸಂಖ್ಯೆಯಲ್ಲಿ ಕಾಣಿಸುವುದಿಲ್ಲ. ಒಂದು ಸ್ಫೋಟದ ನಂತರ ಒಂದು ಇಡೀ ಸಮುದಾಯವನ್ನು ಅನುಮಾನದಿಂದ ನೋಡುವವರು ತಿಳಿಯದೆಯೇ ಆ ಗುರಿಗೆ ನೆರವಾಗುತ್ತಾರೆ.

ಓದುಗರು ಕೇಳಬೇಕಾದ ಪ್ರಶ್ನೆಗಳು

ಭಯೋತ್ಪಾದನೆಗೆ ಸಂಬಂಧಿಸಿದ ಯಾವುದೇ ಸಂಖ್ಯೆಯನ್ನು ಕಂಡಾಗ ಈ ಕೆಳಗಿನ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ:

1. ಈ ಸಂಖ್ಯೆಯನ್ನು ಎಣಿಸಿದವರು ಯಾರು? ಗೃಹ ಸಚಿವಾಲಯದ ವಾರ್ಷಿಕ ವರದಿಯೇ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಟಣೆಯೇ, ಅಥವಾ ಹೆಸರಿಲ್ಲದ ಸಂದೇಶವೇ?

2. ಎಣಿಕೆ ಯಾವ ವರ್ಷದಿಂದ ಯಾವ ವರ್ಷದವರೆಗೆ? ಒಂದು ವರ್ಷ ಹಿಂದೆ ಅಥವಾ ಮುಂದೆ ಸರಿಸಿದರೆ ಚಿತ್ರ ಬದಲಾಗುತ್ತದೆಯೇ?

3. ಯಾವ ಪ್ರದೇಶ, ಯಾವ ಬಗೆಯ ಘಟನೆಗಳು ಸೇರಿವೆ? ದಾಳಿಕಾರರನ್ನು ಸೇರಿಸಲಾಗಿದೆಯೇ?

4. ಶೇಕಡಾವಾರು ಹೇಳಿದ್ದರೆ ಅದರ ಹಿಂದಿನ ನಿಜವಾದ ಸಂಖ್ಯೆಗಳು ಎಷ್ಟು?

5. ಎಷ್ಟು ಜನಸಂಖ್ಯೆಗೆ ಈ ಪ್ರಮಾಣ? ಹೋಲಿಕೆಗೆ ಆರಿಸಿಕೊಂಡ ಇನ್ನೊಂದು ಅಪಾಯ ಯಾವುದು?

ಉಪಸಂಹಾರ

ಅಂಕಿಅಂಶಗಳು ಭಯವನ್ನು ಹಿಗ್ಗಿಸಬಲ್ಲವು, ಕುಗ್ಗಿಸಲೂ ಬಲ್ಲವು. ಅವು ತಮಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತವೆ. ಪ್ರಶ್ನೆ ಯಾವುದೆಂದು ತಿಳಿದುಕೊಳ್ಳುವ ಹೊಣೆ ಓದುಗರದು. ಅಪಾಯದ ಗಾತ್ರವನ್ನು ಸರಿಯಾಗಿ ಅರಿತ ನಾಗರಿಕರು ರೈಲು ನಿಲ್ದಾಣದ ತಪಾಸಣೆಗೆ ಬೇಸರಿಸದೆ ಸಹಕರಿಸುತ್ತಾರೆ. ವಾರಸುದಾರರಿಲ್ಲದ ಚೀಲ ಕಂಡರೆ ಅದನ್ನು ಮುಟ್ಟದೆ, ಹತ್ತಿರದ ಪೊಲೀಸರಿಗೆ ಅಥವಾ 112ಕ್ಕೆ, ರೈಲಿನಲ್ಲಿದ್ದರೆ 139ಕ್ಕೆ ತಿಳಿಸುತ್ತಾರೆ. ಆಧಾರವಿಲ್ಲದ ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸುವುದಿಲ್ಲ. ನಿಲ್ದಾಣದಿಂದ ಮನೆಗೆ ಹೊರಡುವಾಗ ಶಿರಸ್ತ್ರಾಣ ಧರಿಸುವುದನ್ನೂ ಮರೆಯುವುದಿಲ್ಲ. ಎಚ್ಚರವಿದ್ದು ದಿಗಿಲಿಲ್ಲದಿರುವ ಇಂತಹ ಜನರ ನಡುವೆ ಭಯೋತ್ಪಾದಕನ ಬಿತ್ತನೆ ಮೊಳೆಯುವುದು ಕಷ್ಟ.